ಎಡಗಾಲಿನ ಎಸಿಎಲ್ ಹರಿದಾಗಿಂದ ಮತ್ತೆ ಮಿಡ್‌ಫೀಲ್ಡ್‌ಗೆ ಬರೋ ತನಕ: ಬಂಗಾರಪೇಟೆ ಕಡೆ ಆಟಗಾರ್ತಿಯ ಅನುಭವ

ನಾನು ಬಂಗಾರಪೇಟೆ ಹತ್ರದ ಹಳ್ಳಿಯವಳು, ಫುಟ್‌ಬಾಲ್‌ನಲ್ಲಿ ಸೆಂಟ್ರಲ್ ಮಿಡ್‌ಫೀಲ್ಡರ್, ಬೆಂಗಳೂರಲ್ಲಿ ಲೀಗ್ ಆಡ್ತೀನಿ. ಎಡಗಾಲಿನ ಎಸಿಎಲ್ (ಮಂಡಿ ಒಳಗೆ ಮೇಲಿನ ಮೂಳೆ ಕೆಳಗಿನ ಮೂಳೆ ಹಿಡಿದಿಡೋ ಲಿಗಮೆಂಟು) ಹರಿದು, ಆಪರೇಷನ್ ಆಗಿ, ಫಿಸಿಯೋ ಎಲ್ಲ ಮುಗಿಸಿ ಈಗಷ್ಟೇ ಟೀಮಿಗೆ ವಾಪಸ್ ಬಂದಿದೀನಿ. ನಂಗೆ ಇದಾದಾಗ ಕೋಲಾರ ಜಿಲ್ಲೇಲಿ ಕೇಳೋಣ ಅಂದ್ರೆ ಇದನ್ನ ದಾಟಿ ಬಂದ ಒಬ್ಳು ಹುಡುಗೀನೂ ಸಿಗ್ಲಿಲ್ಲ. ಸಿಕ್ಕಿದ ಮಾಹಿತಿ ಎಲ್ಲಾ ಒಂದು ಹುಡುಗ್ರದ್ದು, ಇಲ್ಲಾ ಫಾರಿನ್ ಪ್ಲೇಯರ್‌ಗಳದ್ದು, ಅವ್ರಿಗೆ ಡಾಕ್ಟ್ರಿಂದ ಹಿಡಿದು ಜಿಮ್ ತನಕ ಕ್ಲಬ್ಬೇ ನೋಡ್ಕೊಳ್ಳುತ್ತೆ. ನಾವು ಎಂಆರ್‌ಐ ಎಲ್ಲಿ ಮಾಡ್ಸೋದು, ದುಡ್ಡು ಎಲ್ಲಿಂದ ತರೋದು, ಇನ್ಶೂರೆನ್ಸ್‌ನೋರಿಗೆ ಏನು ಬರ್ಕೊಡ್ಬೇಕು ಅನ್ನೋದ್ರಿಂದ ಶುರು ಮಾಡ್ಬೇಕು. ಅದಕ್ಕೇ ಎಲ್ಲಾ ನೆನಪಿರುವಾಗ್ಲೇ ಬರೀತಿದೀನಿ. ಉದ್ದ ಆಗುತ್ತೆ. ಒಂದು ಮಾತು ಮಾತ್ರ ಮೊದ್ಲೇ ಹೇಳ್ಬಿಡ್ತೀನಿ: ಆಪರೇಷನ್ ಒಂದೂವರೆ ಎರಡು ಗಂಟೆ ಕೆಲ್ಸ, ಆಮೇಲಿನ ಒಂಬತ್ತು ಹತ್ತು ತಿಂಗಳೇ ನಿಜವಾದ ಟ್ರೀಟ್‌ಮೆಂಟು. ಇರೋ ದುಡ್ಡೆಲ್ಲ ಆಸ್ಪತ್ರೆ ಬಿಲ್ಲಿಗೇ ಖಾಲಿ ಮಾಡ್ಕೋಬೇಡಿ.

ನಾನು ಆಟ ಕಲ್ತಿದ್ದು ಕೆಜಿಎಫ್‌ನಲ್ಲಿ. ನಮ್ಮ ಸೋದರಮಾವ ರಾಬರ್ಟ್‌ಸನ್‌ಪೇಟೇಲಿದ್ರು, ರಜಕ್ಕೆ ಅಲ್ಲಿಗೇ ಹೋಗ್ತಿದ್ದೆ. ಗಣಿ 2001ರಲ್ಲಿ ಮುಚ್ಚಿತು, ಆದ್ರೆ ಗಣಿ ಕಾಲದಿಂದ ಬಂದ ಫುಟ್‌ಬಾಲ್ ಹುಚ್ಚು ಆ ಊರಿಗೆ ಇವತ್ತಿಗೂ ಹೋಗಿಲ್ಲ, ಸಾಯಂಕಾಲ ಆದ್ರೆ ಗ್ರೌಂಡ್ ತುಂಬಾ ಹುಡುಗ್ರು. ಅವ್ರ ಜೊತೆ ಆಡಿ, ಆಮೇಲೆ ಕಾಲೇಜ್ ಟೀಮು, ಜಿಲ್ಲೆ ಟೀಮು, ಬೆಂಗಳೂರು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ್ದು ನೋಡಿ ಒಂದು ಕ್ಲಬ್ಬಿನೋರು ಕರೆದ್ರು. ತಿಂಗಳಿಗೆ ಹದಿನೆಂಟು ಸಾವಿರ, ಇರೋಕೆ ರೂಮು, ಊಟ. ಪ್ರೊಫೆಷನಲ್ ಅಂದ ತಕ್ಷಣ ನೆಂಟರು ಟೀವೀಲಿ ಬರೋ ಹುಡುಗ್ರ ಸಂಬಳ ಲೆಕ್ಕ ಹಾಕ್ತಾರೆ, ಹಾಗಿರಲ್ಲ. 2023ರಲ್ಲಿ ಎಐಎಫ್‌ಎಫ್‌ನೋರು (ದೇಶದ ಫುಟ್‌ಬಾಲ್ ನಡೆಸೋ ಫೆಡರೇಷನ್) ಇಂಡಿಯನ್ ವುಮೆನ್ಸ್ ಲೀಗ್ ಕ್ಲಬ್‌ಗಳು ಕನಿಷ್ಠ 10 ಜನ ಭಾರತದ ಆಟಗಾರ್ತಿಯರ ಜೊತೆ ವರ್ಷಕ್ಕೆ ಕನಿಷ್ಠ 3.2 ಲಕ್ಷದ ಕಾಂಟ್ರಾಕ್ಟ್ ಮಾಡ್ಕೋಬೇಕು ಅಂತ ತೀರ್ಮಾನ ಮಾಡಿದ್ರು. ಅದು ಮೇಲಿನ ಲೀಗ್ ಮಾತು, ರಾಜ್ಯದ ಲೀಗಲ್ಲಿ ಆಡೋರಿಗೆ ಆಯಾ ಕ್ಲಬ್ ಎಷ್ಟು ಕೊಡುತ್ತೋ ಅಷ್ಟೇ.

ಇಲ್ಲೇ ಒಂದು ವಿಷ್ಯ. ಫಿಫಾ ನಿಯಮದಲ್ಲಿ ಬರವಣಿಗೇಲಿ ಕಾಂಟ್ರಾಕ್ಟ್ ಇದ್ದು, ಆಟಕ್ಕೆ ಆಗೋ ಖರ್ಚಿಗಿಂತ ಜಾಸ್ತಿ ದುಡ್ಡು ಸಿಗ್ತಿದ್ರೆ ಮಾತ್ರ ನೀವು ಪ್ರೊಫೆಷನಲ್, ಇಲ್ಲಾಂದ್ರೆ ಅಮೆಚೂರ್. ಎಐಎಫ್‌ಎಫ್ ಸಿಆರ್‌ಎಸ್‌ನಲ್ಲಿ (ಆಟಗಾರರ ಹೆಸ್ರು ನೋಂದಾಯಿಸೋ ಆನ್‌ಲೈನ್ ವ್ಯವಸ್ಥೆ) ನಿಮ್ಮ ಹೆಸ್ರು ಯಾವ್ದ್ರಲ್ಲಿ ಇದೆ ಅಂತ ಕ್ಲಬ್ಬಿನೋರನ್ನ ಕೇಳಿ ತಿಳ್ಕೊಳ್ಳಿ. ಸಹಿ ಹಾಕಿದ ಕಾಂಟ್ರಾಕ್ಟ್‌ದು ಒಂದು ಕಾಪಿ ಕೈಯಲ್ಲಿ ಇರ್ಲೇಬೇಕು, ಆಮೇಲೆ ಕಳಿಸ್ತೀವಿ ಅಂದ್ರೆ ಅಲ್ಲೇ ಫೋನಲ್ಲಿ ಪ್ರತಿ ಪುಟಾನೂ ಫೋಟೋ ತಗೊಳ್ಳಿ. ನನ್ನ ಹತ್ರ ಇತ್ತು, ಅದು ಮುಂದೆ ಎಷ್ಟು ಕೆಲ್ಸಕ್ಕೆ ಬಂತು ಅಂತ ಆಮೇಲೆ ಹೇಳ್ತೀನಿ.

ಗಾಯ ಆಗಿದ್ದು ಫೆಬ್ರವರೀಲಿ, ಮ್ಯಾಚ್‌ನ ಎರಡನೇ ಹಾಫಲ್ಲಿ. ಸೆಂಟರ್ ಬ್ಯಾಕ್ ಹುಡುಗಿ ಪಾಸ್ ಕೊಟ್ಳು, ನಾನು ಭುಜದ ಮೇಲಿಂದ ಒಂದ್ಸಲ ಹಿಂದೆ ನೋಡ್ದೆ, ಜಾಗ ಇತ್ತು, ಬಾಲ್ ತಗೊಂಡು ಎಡಗಾಲು ಊರಿ ತಿರುಗಿದೆ. ದಿನಾ ನೂರು ಸಲ ಮಾಡೋ ಕೆಲ್ಸ ಅದು. ಸ್ಟಡ್ ಟರ್ಫಲ್ಲಿ ಸಿಕ್ಕೊಳ್ತು, ಮೈ ತಿರುಗ್ತು, ಪಾದ ತಿರುಗ್ಲಿಲ್ಲ. ಮಂಡಿ ಒಳಗೆ ಪಟ್ ಅಂತು, ಪಕ್ಕದಲ್ಲಿದ್ದ ಎದುರು ಟೀಮಿನ ಹುಡುಗಿಗೂ ಕೇಳಿಸ್ತಂತೆ. ಯಾರೂ ನನ್ನ ಮುಟ್ಟೇ ಇರ್ಲಿಲ್ಲ, ರೆಫ್ರಿ ಆಟ ನಿಲ್ಸೋಕೂ ಸ್ವಲ್ಪ ಹೊತ್ತಾಯ್ತು. ಎಸಿಎಲ್ ಹರಿಯೋದ್ರಲ್ಲಿ ಹೆಚ್ಚಿನವು ಹೀಗೇ, ಯಾರೂ ತಾಗದೇ ಬರೀ ತಿರುಗೋವಾಗ, ನಿಲ್ಲೋವಾಗ, ಎಗರಿ ಇಳಿಯೋವಾಗ ಆಗ್ತಾವೆ ಅಂತ ಆಮೇಲೆ ಗೊತ್ತಾಯ್ತು. ಹುಡುಗ್ರಿಗಿಂತ ಹುಡುಗೀರಿಗೆ ಎರಡು ಮೂರು ಪಟ್ಟು ಜಾಸ್ತಿ ಅಂತೆ. ಮಿಡ್‌ಫೀಲ್ಡಲ್ಲಿ ಆಡೋರು ನಾಲ್ಕೂ ಕಡೆ ತಿರುಗ್ತಾನೇ ಇರ್ತೀವಲ್ಲ.

ಮೋಸ ಏನಂದ್ರೆ ಐದು ನಿಮಿಷ ಆದ್ಮೇಲೆ ನೋವು ಕಮ್ಮಿ ಆಯ್ತು. ಎದ್ದು ನಡೆದೆ ಕೂಡ, ಕೋಚ್ ಸರ್ "ಆಗುತ್ತಾ?" ಅಂದ್ರು, ಆಗುತ್ತೆ ಅಂತ ಎರಡು ಹೆಜ್ಜೆ ಓಡಿದ್ದಕ್ಕೆ ಮಂಡಿ ತನ್ನಷ್ಟಕ್ಕೆ ಕುಸಿದು ಬಿತ್ತು. ಸಾಯಂಕಾಲಕ್ಕೆ ಚಿಪ್ಪು ಎಲ್ಲಿದೆ ಅಂತ ಗೊತ್ತಾಗದಷ್ಟು ಊತ. ಸೌಂಡ್ ಬಂದು, ಕೆಲವೇ ಗಂಟೇಲಿ ಊದ್ಕೊಂಡು, ನಡೆಯೋವಾಗ ಮಂಡಿ ಜಾರಿದಂಗೆ ಆದ್ರೆ ಅದನ್ನ ಉಳುಕು ಅಂತ ಬಿಡ್ಬೇಡಿ. ಈ ಮೂರೂ ಇದ್ರೆ ಎಂಆರ್‌ಐ ಆಗ್ಲೇಬೇಕು.

ಅವತ್ತೇ ರಾತ್ರಿ ಒಂದು ಆಸ್ಪತ್ರೆ ಕ್ಯಾಶುವಾಲ್ಟಿಗೆ ಹೋದ್ವಿ. ಎಕ್ಸ್‌ರೇ ತೆಗೆದ್ರು, ಮೂಳೆಗೇನೂ ಆಗಿಲ್ಲ, ಕ್ರೇಪ್ ಬ್ಯಾಂಡೇಜ್ ಸುತ್ತಿ ಹತ್ತು ದಿನ ರೆಸ್ಟ್ ಅಂದ್ರು. ಎಕ್ಸ್‌ರೇಲಿ ಲಿಗಮೆಂಟ್ ಕಾಣಲ್ಲ, ಅದು ನಂಗಾಗ್ಲೀ ಅಪ್ಪಂಗಾಗ್ಲೀ ಆಗ ಗೊತ್ತಿರ್ಲಿಲ್ಲ. ಆದ್ರೆ ಅವತ್ತು ಅಲ್ಲಿದ್ದ ಡ್ಯೂಟಿ ಡಾಕ್ಟ್ರು ಚೀಟೀಲಿ ತಾರೀಖು ಹಾಕಿ "ಫುಟ್‌ಬಾಲ್ ಆಡುವಾಗ ತಿರುಗಿ ಬಿದ್ದು ಆದ ಗಾಯ" ಅಂತ ಸ್ಪಷ್ಟವಾಗಿ ಬರೆದಿದ್ರು. ಆ ಒಂದು ಸಾಲಿಗೆ ನಾನು ಜೀವಮಾನ ಋಣಿ. ನೀವೂ ಮೊದಲ್ನೇ ಚೀಟೀಲೇ ಯಾವತ್ತು, ಹೇಗೆ ಆಯ್ತು ಅಂತ ಬರೆಸ್ಕೊಳ್ಳಿ, ಬರೀ ಮಂಡಿ ನೋವು ಅಂತ ಇದ್ರೆ ಇನ್ಶೂರೆನ್ಸಲ್ಲಿ ಸಿಕ್ಕಾಕೋತೀರ.

ಊರಿಗೆ ಬಂದ್ರೆ ಮನೇಲಿ ಬೇರೇನೇ ಗಲಾಟೆ. ಅಜ್ಜಿ "ಪುತ್ತೂರಿಗೆ ಕರ್ಕೊಂಡ್ ಹೋಗ್ರೋ ಮಗೂನ" ಅಂತ ಒಂದೇ ಹಠ, ಆಂಧ್ರದ ಪುತ್ತೂರು. ನಮ್ ಕಡೆ ಕೈಕಾಲು ಏನೇ ಆಗ್ಲಿ ಪುತ್ತೂರು ಕಟ್ಟು ಅಂದ್ರೆ ಎಲ್ರಿಗೂ ನಂಬಿಕೆ, ದೊಡ್ಡಪ್ಪನ ಮಗನ ಕೈ ಮುರಿದಾಗ ಅಲ್ಲೇ ಕಟ್ಟಿಸಿದ್ದು. ಅಜ್ಜೀದು ಪ್ರೀತಿ, ತಪ್ಪು ಹೇಳಲ್ಲ, ಆದ್ರೆ ಪೂರ್ತಿ ಹರಿದು ಎರಡು ತುಂಡಾದ ಎಸಿಎಲ್ ಯಾವ ಕಟ್ಟಿಗೂ ಮತ್ತೆ ಸೇರ್ಕೊಂಡು ಮುಂಚಿನ ಹಂಗೆ ಗಟ್ಟಿಯಾಗುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ಕಟ್ಟು ಹಾಕಿಸಿ ಅಲ್ಲಾಡಿಸದೇ ಕೂತ್ರೆ ಮಂಡಿ ಬಿಗಿಯಾಗಿ ತೊಡೆ ಇನ್ನಷ್ಟು ಸೊರಗುತ್ತೆ, ಕಷ್ಟ ಜಾಸ್ತಿ. ಅಪ್ಪ ಕೋಲಾರ ಎಪಿಎಂಸೀಲಿ ಟೊಮ್ಯಾಟೊ ಮಂಡಿ ಕೆಲಸಕ್ಕೆ ಹೋಗ್ತಾರೆ, ಅಲ್ಲಿ ಯಾರೋ ಹೇಳಿದ್ರಂತೆ ಒಂದ್ಸಲ ಮೂಳೆ ಡಾಕ್ಟ್ರಿಗೆ ಸರಿಯಾಗಿ ತೋರ್ಸು ಅಂತ. ಹೋದ್ವಿ. ಆ ಡಾಕ್ಟ್ರು ಮಲಗಿಸಿ, ಮಂಡಿ ಸ್ವಲ್ಪ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡ್ಕೊಂಡು ಇನ್ನೊಂದರಲ್ಲಿ ಕಾಲು ಮುಂದಕ್ಕೆ ಎಳೆದ್ರು. ಬಲಗಾಲು ಟಕ್ ಅಂತ ನಿಲ್ತಿತ್ತು, ಎಡಗಾಲು ಹಂಗೇ ಮುಂದೆ ಬರ್ತಿತ್ತು. ಅಪ್ಪ ಪಕ್ಕದಲ್ಲೇ ನಿಂತು ನೋಡ್ತಿದ್ರು, ಅವ್ರ ಮುಖ ನೋಡಿದ್ಮೇಲೆ ನಂಗೆ ರಿಪೋರ್ಟ್ ಬೇಕಾಗಿರ್ಲಿಲ್ಲ. ಆದ್ರೂ ಎಂಆರ್‌ಐ ಮಾಡ್ಸಿದ್ವಿ, ಆರೂವರೆ ಸಾವಿರ ಆಯ್ತು. ಎಸಿಎಲ್ ಪೂರ್ತಿ ಹರಿದಿದೆ, ಒಳಗಡೆ ಮೆನಿಸ್ಕಸ್ಸೂ (ಮಂಡಿ ಮೂಳೆಗಳ ಮಧ್ಯೆ ಇರೋ ಮೆತ್ತೆ) ಸೀಳಿದೆ ಅಂತ ಬಂತು.

ಅವತ್ತು ರಾತ್ರಿ ಅತ್ತಿದ್ದು ನೋವಿಗಲ್ಲ. ಇಪ್ಪತ್ನಾಲ್ಕು ವರ್ಷ, ಈಗಿನ್ನೂ ಕೋಚ್ ನನ್ನ ಸುತ್ತ ಟೀಮ್ ಕಟ್ಟೋಕೆ ಶುರು ಮಾಡಿದ್ರು.

ಬೆಂಗಳೂರಲ್ಲಿ ಕ್ರೀಡಾ ಗಾಯಗಳನ್ನೇ ನೋಡೋ ಸರ್ಜನ್ ಹತ್ರ ಹೋದಾಗ ಅವ್ರು ಹೇಳಿದ ಮೊದಲ್ನೇ ಮಾತು, "ನೋಡಮ್ಮ, ಅವಸರ ಬೇಡ, ಊದಿರೋ ಮಂಡಿಗೆ ಕತ್ತಿ ಹಾಕಲ್ಲ." ಮೊದ್ಲು ಊತ ಇಳೀಬೇಕು, ಕಾಲು ಪೂರ್ತಿ ನೇರ ಆಗ್ಬೇಕು, ತೊಡೆ ಸ್ನಾಯು ಕೆಲ್ಸ ಮಾಡ್ಬೇಕು, ಆಮೇಲೆ ಆಪರೇಷನ್. ಆ ಕೆಲವು ವಾರ ನಂಗೆ ಟೈಮ್ ವೇಸ್ಟ್ ಅನ್ನಿಸ್ತಿತ್ತು, ಈಗ ಗೊತ್ತಾಗ್ತಿದೆ ಅದರಿಂದ್ಲೇ ಆಮೇಲೆ ಬೇಗ ಚೇತರಿಸ್ಕೊಂಡಿದ್ದು. ಹೊಸ ಲಿಗಮೆಂಟ್‌ಗೆ ನಮ್ಮ ಮೈಯಿಂದ್ಲೇ ಸ್ನಾಯುರಜ್ಜು ತೆಗೀತಾರೆ, ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, ಇಲ್ಲಾ ಮಂಡಿ ಚಿಪ್ಪಿನ ಕೆಳಗಿಂದು, ಇಲ್ಲಾ ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್‌ದು. ಚಿಪ್ಪಿನ ಕೆಳಗಿಂದು ತೆಗೆದ್ರೆ ಮೊಣಕಾಲೂರಿ ಕೂರೋವಾಗ ನೋವು ಉಳಿಯೋ ಸಾಧ್ಯತೆ ಜಾಸ್ತಿ, ಹ್ಯಾಮ್‌ಸ್ಟ್ರಿಂಗ್ ತೆಗೆದ್ರೆ ಮಂಡಿ ಮಡಿಸೋ ಬಲ ಸ್ವಲ್ಪ ಕಮ್ಮಿ ಆಗುತ್ತೆ, ಓಡೋರಿಗೆ ಅದನ್ನ ಮತ್ತೆ ಕಟ್ಬೇಕು. ನಂಗೆ ಹ್ಯಾಮ್‌ಸ್ಟ್ರಿಂಗ್ ತೆಗೆದ್ರು. ನೀವು ಯಾವ ಪೊಸಿಷನ್ ಆಡ್ತೀರ, ಮತ್ತೆ ಆಡೋ ಉದ್ದೇಶ ಇದೆಯಾ ಅಂತ ಡಾಕ್ಟ್ರಿಗೆ ನೀವಾಗೇ ಹೇಳಿ, ಹುಡುಗಿ ಅಂತ ನೋಡಿ ನಡೆದಾಡಿದ್ರೆ ಸಾಕು ಅನ್ಕೊಳ್ಳೋರೂ ಇದಾರೆ.

ಈಗ ದುಡ್ಡಿನ ವಿಷ್ಯ. ಆಸ್ಪತ್ರೆ ಅಂದಾಜು ಎರಡು ಲಕ್ಷದ ಹತ್ತು ಸಾವಿರ. ಕ್ಲಬ್ಬಿನೋರು "ನೋಡೋಣ" ಅಂದ್ರು, ಆ ನೋಡೋಣ ಅಲ್ಲಿಗೇ ನಿಂತೋಯ್ತು. ಅಪ್ಪ ಮನೆಯವ್ರಿಗೆಲ್ಲ ಸೇರಿ ಮೂರು ಲಕ್ಷದ ಒಂದು ಪಾಲಿಸಿ ಮಾಡ್ಸಿದ್ರು, ಅದಕ್ಕೆ ಆಗ ಇನ್ನೂ ಎರಡು ವರ್ಷ ತುಂಬಿರ್ಲಿಲ್ಲ. ಕ್ಯಾಶ್‌ಲೆಸ್‌ಗೆ ಹಾಕಿದ್ರೆ ಕ್ವೆರಿ ಮೇಲೆ ಕ್ವೆರಿ. ಮೊದಲ್ನೇದು, ಲಿಗಮೆಂಟ್ ಹರಿಯೋದಕ್ಕೆ ಎರಡು ವರ್ಷ ಕಾಯ್ಬೇಕು ಅಂತ ಪಾಲಿಸೀಲಿದೆ ಅಂದ್ರು. ಹೌದು ಇದೆ, ಆದ್ರೆ ಅದೇ ಷರತ್ತಿನ ಕೆಳಗೆ ಅಪಘಾತದಿಂದ ಆಗಿದ್ರೆ ಇದು ಅನ್ವಯಿಸಲ್ಲ ಅಂತಾನೂ ಇರುತ್ತೆ. ಆ ಕ್ಯಾಶುವಾಲ್ಟಿ ಚೀಟಿ ಇಲ್ಲೇ ಉಪಯೋಗಕ್ಕೆ ಬಂದಿದ್ದು, ಅದರ ಜೊತೆ ಮ್ಯಾಚ್ ನಡೆದಿದ್ದಕ್ಕೆ ಒಂದು ಪತ್ರ, ನಾನು ಕೈಯಲ್ಲಿ ಬರೆದ ಹೇಳಿಕೆ ಕೊಟ್ವಿ. ಎರಡನೇದು, ನೀವು ಪ್ರೊಫೆಷನಲ್ ಪ್ಲೇಯರ್ ಅಲ್ವಾ, ಪ್ರೊಫೆಷನಲ್ ಸ್ಪೋರ್ಟ್ಸ್ ಗಾಯಕ್ಕೆ ಕೊಡಲ್ಲ ಅಂದ್ರು. ಅಕ್ಕ ಕೂತು ಪಾಲಿಸಿ ಪುಸ್ತಕ ಪೂರ್ತಿ ಓದಿದ್ಳು. ಇನ್ಶೂರೆನ್ಸ್ ಕಂಪನಿಗಳಿಗೆ ನಿಯಮ ಮಾಡೋ ಐಆರ್‌ಡಿಎಐ ಎಲ್ಲಾ ಕಂಪನಿಗೂ ಒಂದೇ ಥರ ಮಾಡಿರೋ ಷರತ್ತು ಅದು, ಅದರಲ್ಲಿರೋದು ಅಪಾಯಕಾರಿ ಅಥವಾ ಸಾಹಸ ಕ್ರೀಡೆ ಅಂತ, ಬಂಡೆ ಹತ್ತೋದು, ಪರ್ವತಾರೋಹಣ, ರಾಫ್ಟಿಂಗ್, ಮೋಟಾರ್ ರೇಸು, ಕುದುರೆ ರೇಸು, ಸ್ಕೂಬಾ ಡೈವಿಂಗು ಹೀಗೆ ಹೆಸರು ಕೊಟ್ಟಿದಾರೆ, ಫುಟ್‌ಬಾಲ್ ಎಲ್ಲೂ ಇಲ್ಲ. ಆ ಸಾಲನ್ನೇ ಎತ್ತಿ ಬರೆದು ಮೇಲ್ ಹಾಕಿದ್ವಿ. ಆಪರೇಷನ್ ಡೇಟ್ ಇದರಿಂದ ಒಂದ್ಸಲ ಮುಂದಕ್ಕೆ ಹೋಯ್ತು, ಬಟ್ಟೆ ಬ್ಯಾಗೆಲ್ಲ ತುಂಬಿ ರೆಡಿಯಾದ್ಮೇಲೆ. ಕೊನೇಗೆ ಒಪ್ಕೊಂಡ್ರು, ನಮ್ಮ ಕೈಯಿಂದ ಹೋಗಿದ್ದು ಐವತ್ತೆಂಟು ಸಾವಿರ ಚಿಲ್ಲರೆ. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆ ಒಳಗೆ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆ ಒಳಗೆ ತೀರ್ಮಾನ ಹೇಳ್ಬೇಕು, ಇದನ್ನ ಬಾಯಲ್ಲಿ ಹೇಳಿದ್ರೂ ಕೆಲ್ಸ ಸ್ವಲ್ಪ ಚುರುಕಾಗುತ್ತೆ.

ಪಾಲಿಸಿ ಇಲ್ಲ ಅನ್ನೋರು ಗಾಬರಿ ಆಗ್ಬೇಡಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ತನಕ ಇದೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ತನಕ. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕೇಳಿದ್ರೆ ಆಗಲ್ಲ, ಮೊದ್ಲು ಸರ್ಕಾರಿ ಆಸ್ಪತ್ರೇಲಿ ತೋರ್ಸಿ ರೆಫರಲ್ ತಗೋಬೇಕು. ನಮ್ಮ ಜಿಲ್ಲೆಯವ್ರು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೇಲಿ ಆ ಕೌಂಟರ್ ಎಲ್ಲಿದೆ ಕೇಳಿ, ನಿಮ್ಮ ಆಪರೇಷನ್ ಪ್ಯಾಕೇಜಲ್ಲಿ ಬರುತ್ತಾ ಅಂತ ಅಲ್ಲೇ ಖಚಿತ ಮಾಡ್ಕೊಳ್ಳಿ. ಬೆಂಗಳೂರು ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆಗೇ ಅಂತ ಇರೋ ಸರ್ಕಾರದ ಸಂಸ್ಥೆ, ಅದೂ ಒಂದು ದಾರಿ.

ಆಪರೇಷನ್ ದಿನದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ರು, ಸೊಂಟದ ಕೆಳಗೆ ಏನೂ ಗೊತ್ತಾಗ್ಲಿಲ್ಲ, ಟಿವೀಲಿ ನನ್ನ ಮಂಡಿ ಒಳಗೆ ಬಿಳೀ ಬಿಳೀ ಏನೋ ಕಾಣಿಸ್ತು, ನಿದ್ದೆ ಬಂತು. ಮೆನಿಸ್ಕಸ್‌ಗೆ ಹೊಲಿಗೆ ಹಾಕಿದ್ರು. ಅದಕ್ಕೇ ಮೊದಲ ವಾರಗಳು ಆ ಕಾಲು ಊರೋ ಹಾಗಿರ್ಲಿಲ್ಲ, ಬರೀ ಎಸಿಎಲ್ ಮಾತ್ರ ಆದವ್ರಿಗೆ ಬೇಗ ಊರೋಕೆ ಬಿಡ್ತಾರೆ, ನಿಮ್ಮ ಗೆಳತಿ ನಡೀತಿದಾಳೆ ಅಂತ ನೀವು ನಡೆಯೋಕೆ ಹೋಗ್ಬೇಡಿ.

ಮನೆಗೆ ಬಂದ್ಮೇಲೆ ಯಾರೂ ಹೇಳದೇ ಇದ್ದಿದ್ದು ಟಾಯ್ಲೆಟ್ ವಿಷ್ಯ. ನಮ್ಮನೇಲಿ ಇಂಡಿಯನ್ ಟಾಯ್ಲೆಟ್ಟು, ಅದೂ ಹಿತ್ತಲಲ್ಲಿ, ಎರಡು ಮೆಟ್ಟಿಲು ಇಳೀಬೇಕು. ಮಂಡಿ ಮಡಿಸೋ ಹಾಗಿಲ್ಲ, ಕಾಲು ಊರೋ ಹಾಗಿಲ್ಲ. ಕಮೋಡ್ ಚೇರ್ ಅಂತ ಸಿಗುತ್ತೆ, ಮಧ್ಯೆ ತೂತಿರೋ ಕುರ್ಚಿ, ನಾನು ಸಾವಿರದ ಎಂಟುನೂರು ಕೊಟ್ಟು ತರಿಸ್ದೆ, ಆಸ್ಪತ್ರೆಗೆ ಸೇರೋ ಮುಂಚೇನೇ ತಂದಿಟ್ಕೊಳ್ಳಿ. ಮೊದಲ ವಾರದಲ್ಲೇ ಮುಟ್ಟೂ ಆಯ್ತು. ಪ್ಯಾಡ್ ಬದಲಾಯಿಸೋಕೂ ಅಮ್ಮ ಬೇಕು. ನಾಚಿಕೆ, ಸಿಟ್ಟು, ಅಮ್ಮನ ಬೆನ್ನು ನೋವು ನೋಡಿ ಬೇಜಾರು, ಎಲ್ಲಾ ಒಟ್ಟಿಗೆ. ಇದನ್ನ ಯಾವ ಡಾಕ್ಟ್ರೂ ಹೇಳಲ್ಲ, ಹುಡುಗ್ರ ಅನುಭವದಲ್ಲಿ ಇರೋದೇ ಇಲ್ಲ, ಅದಕ್ಕೇ ಬಿಡಿಸಿ ಬರೀತಿದೀನಿ. ಹತ್ತಿಪ್ಪತ್ತು ದಿನ ಜೊತೆಗಿರೋಕೆ ಅಮ್ಮನೋ ಅಕ್ಕನೋ ಚಿಕ್ಕಮ್ಮನೋ ಯಾರು ಬರ್ತಾರೆ ಅಂತ ಮೊದ್ಲೇ ಮಾತಾಡಿ ಇಟ್ಕೊಳ್ಳಿ.

ಆಮೇಲೆ ಶುರು ಆಯ್ತು ನಿಜವಾದ ಕೆಲ್ಸ. ಫಿಸಿಯೋ ಮೇಡಂ ಮೊದಲ್ನೇ ದಿನ ಕೊಟ್ಟಿದ್ದು ಇಷ್ಟೇ: ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿ ಗಾಳೀಲಿ ಬಿಟ್ಟು, ಅದು ಕೆಳಕ್ಕೆ ಇಳಿದು ನೇರ ಆಗೋ ತನಕ ತೊಡೆ ಬಿಗಿ ಹಿಡಿಯೋದು. ನೋಡೋಕೆ ಏನೂ ಇಲ್ಲ. ನಾನು ತೊಡೆ ಬಿಗಿ ಹಿಡಿ ಅಂತ ಮನಸ್ಸಲ್ಲಿ ಹೇಳ್ತಿದೀನಿ, ತೊಡೆ ಅಲ್ಲಾಡ್ತಾನೇ ಇಲ್ಲ, ಬೇರೆಯವರ ಕಾಲಿನ ಥರ ಬಿದ್ಕೊಂಡಿದೆ. ಬೆವರು ಬಂತು. ಮೂರನೇ ದಿನವೋ ಏನೋ ಚಿಪ್ಪಿನ ಮೇಲೆ ಒಂದು ಸಣ್ಣ ಕಂಪನ ಕಾಣಿಸ್ತು, ಅಮ್ಮ ಬಗ್ಗಿ ನೋಡಿ "ಬಂತು ಕಣೇ, ಬಂತು" ಅಂದ್ಳು. ಕಾಲು ಮಡಚೋದು ನಿಧಾನಕ್ಕೆ ಬರುತ್ತೆ, ನೇರ ಆಗೋದನ್ನ ಮಾತ್ರ ಮೊದಲ ವಾರಗಳಲ್ಲೇ ಪಡ್ಕೊಳ್ಳಿ, ಆಮೇಲೆ ಅದಕ್ಕೆ ಪಡೋ ಪಾಡು ಹೇಳತೀರದು.

ವಾರಕ್ಕೊಮ್ಮೆ ಬೆಂಗಳೂರಿಗೆ ಸ್ಪೋರ್ಟ್ಸ್ ಫಿಸಿಯೋ ಹತ್ರ, ಉಳಿದ ದಿನ ಕೋಲಾರದಲ್ಲಿ ಒಬ್ರು ಫಿಸಿಯೋ ಹತ್ರ, ಮಿಕ್ಕಿದ್ದು ಮನೇಲಿ. ಬೆಂಗಳೂರಲ್ಲಿ ಒಂದು ಸಲಕ್ಕೆ ಆರುನೂರು, ಕೋಲಾರದಲ್ಲಿ ಮುನ್ನೂರು. ಇಬ್ರನ್ನೂ ಫೋನಲ್ಲಿ ಮಾತಾಡ್ಸಿದೆ, ಒಂದೇ ಪ್ಲ್ಯಾನ್ ಇಬ್ರೂ ನೋಡ್ಕೊಂಡ್ರು, ಇದನ್ನ ಖಂಡಿತ ಮಾಡಿ, ಖರ್ಚು ಅರ್ಧಕ್ಕೆ ಇಳಿಯುತ್ತೆ. ಹೋಗೋ ಬರೋ ಖರ್ಚು ಶಕ್ತಿ ಯೋಜನೆಯಿಂದ ಉಳೀತು, ಕೋಲಾರದಿಂದ ಮೆಜೆಸ್ಟಿಕ್‌ಗೆ ಕೆಂಪು ಬಸ್ಸಲ್ಲಿ ನಂಗೂ ಅಮ್ಮಂಗೂ ಫ್ರೀ, ಆಧಾರ್ ತೋರ್ಸಿದ್ರೆ ಆಯ್ತು. ಊರುಗೋಲಿದ್ದಾಗ ಬಸ್ಸಿನ ಮೊದಲ್ನೇ ಮೆಟ್ಟಿಲು ತುಂಬಾ ಎತ್ತರ, ಹತ್ತೋವಾಗ ಒಳ್ಳೇ ಕಾಲು ಮೊದ್ಲು, ಇಳಿಯೋವಾಗ ಆಪರೇಷನ್ ಆದ ಕಾಲು ಮೊದ್ಲು. ಮಾರಿಕುಪ್ಪಂ ಟ್ರೈನ್ ಬೇಡ ಅಂತೀನಿ, ಬೆಳಗ್ಗೆ ಬಂಗಾರಪೇಟೆಗೆ ಬರೋ ಹೊತ್ತಿಗೇ ನಿಲ್ಲೋಕೂ ಜಾಗ ಇರಲ್ಲ, ಯಾರಾದ್ರೂ ಮಂಡಿಗೆ ತಾಗಿಸಿದ್ರೆ ಕಷ್ಟ. ಊರುಗೋಲು ಬಿಟ್ಟು ಚೆನ್ನಾಗಿ ನಡೆಯೋಕೆ ಶುರು ಮಾಡಿದ್ಮೇಲೆ ಟ್ರೈನಲ್ಲೇ ಹೋಗ್ತಿದ್ದೆ.

ಕ್ಲಬ್ ಸಂಬಳ ಗಾಯ ಆದ ಮರು ತಿಂಗಳಿಂದ ನಿಂತಿತ್ತು. ಫೋನ್ ಎತ್ತಲ್ಲ, ಮೆಸೇಜ್‌ಗೆ ನೀಲಿ ಟಿಕ್ ಬರುತ್ತೆ ಉತ್ತರ ಬರಲ್ಲ. ರೂಮಿಂದ ನನ್ನ ಸಾಮಾನು ತಗೊಂಡು ಹೋಗೋಕೆ ಹೇಳಿದ್ರು. ಜೊತೇಲಿ ಆಡ್ತಿದ್ದ ಹುಡುಗೀರು ಸುಮ್ನಿರು, ಮುಂದೆ ಯಾರೂ ಕರೆಯಲ್ಲ ಅಂದ್ರು. ನಾನು ಕಾಂಟ್ರಾಕ್ಟ್ ಕಾಪಿ ಇಟ್ಕೊಂಡು, ಸೀಸನ್ ಮುಗಿಯೋ ತನಕ ಒಪ್ಪಂದ ಇದೆ, ಗಾಯ ಆದ್ರೆ ಸಂಬಳ ಇಲ್ಲ ಅಂತ ಎಲ್ಲೂ ಇಲ್ಲ, ಇಂತಿಂಥ ತಿಂಗಳದ್ದು ಬಾಕಿ ಅಂತ ತಾರೀಖು ಸಮೇತ ಮೇಲ್ ಹಾಕಿದೆ. ಉತ್ತರ ಇಲ್ಲ. ಇನ್ನೊಂದು ಹಾಕಿ, ಎಐಎಫ್‌ಎಫ್ ಪ್ಲೇಯರ್ ಸ್ಟೇಟಸ್ ಕಮಿಟಿಗೆ ಹೋಗ್ತೀನಿ ಅಂತ ಮರ್ಯಾದೆಯಾಗೇ ಬರೆದೆ. ಪೂರ್ತಿ ಬರ್ಲಿಲ್ಲ, ಎರಡು ತಿಂಗಳದ್ದು ಬಂತು. ಅದರಲ್ಲೇ ಫಿಸಿಯೋ ನಡೀತು. ಜಗಳ ಆಡ್ಬೇಡಿ, ಬರವಣಿಗೇಲಿ ಕೇಳಿ, ಕೇಳೋದು ನಮ್ಮ ಹಕ್ಕು. ಆಟಗಾರರ ಸಂಘ ಎಫ್‌ಪಿಎಐ ಅಂತ ಇದೆ, ಅವ್ರನ್ನೂ ಸಂಪರ್ಕ ಮಾಡ್ಬಹುದು.

ಮೂರು ನಾಲ್ಕನೇ ತಿಂಗಳು ಮನಸ್ಸಿಗೆ ತುಂಬಾ ಕೆಟ್ಟದ್ದು. ನೋವು ಇರಲ್ಲ, ನಡೀತೀರ, ನೋಡೋರಿಗೆ ಎಲ್ಲಾ ಸರಿ ಹೋದಂಗೆ. ಆದ್ರೆ ಒಳಗೆ ಹಾಕಿದ ಹೊಸ ಲಿಗಮೆಂಟ್ ಮೊದಲ ಕೆಲವು ವಾರ ಗಟ್ಟಿ ಇದ್ದು, ಆಮೇಲೆ ಕೆಲವು ತಿಂಗಳು ಮೆತ್ತಗಾಗಿ, ಮತ್ತೆ ನಿಧಾನಕ್ಕೆ ಬಲಿಯುತ್ತೆ ಅಂತ ಡಾಕ್ಟ್ರು ಹೇಳಿದ್ರು, ಚೆನ್ನಾಗಿದೀನಿ ಅನ್ನಿಸೋ ಹೊತ್ತಲ್ಲೇ ಅದು ದುರ್ಬಲ. ಊರಲ್ಲಿ ಇನ್ನೊಂದು ಕಾಟ, ಬಂದೋರೆಲ್ಲ ಅಪ್ಪಂಗೆ "ಸಾಕು ಬಿಡಪ್ಪ, ಹೆಣ್ಣು ಮಗು, ಕಾಲಿನ ಗಾಯ ಮುಚ್ಚಿಟ್ಟು ಒಂದು ಮದ್ವೆ ಮಾಡ್ಬಿಡು" ಅನ್ನೋರೇ. ಅಪ್ಪ ಯಾರಿಗೂ ಎದುರು ಮಾತಾಡೋರಲ್ಲ, ಒಂದಿನ ಮಾತ್ರ "ಅವಳು ಆಡಿ ಬಿಡ್ಲಿ, ಆಡದೇ ಬಿಡೋದು ಬೇಡ" ಅಂದ್ರು. ಆಗ ಜುಲೈ. ಅದೇ ಜುಲೈ 5, 2025ಕ್ಕೆ ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡ್‌ನ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಹೋಯ್ತು, ಅರ್ಹತಾ ಪಂದ್ಯ ಗೆದ್ದು ನಮ್ಮ ಮಹಿಳಾ ಟೀಮು ಹೋಗಿದ್ದು ಅದೇ ಮೊದಲ್ನೇ ಸಲ, ಎರಡೂ ಗೋಲು ಸಂಗೀತಾ ಬಾಸ್ಫೋರ್, ನನ್ನ ಹಾಗೇ ಮಿಡ್‌ಫೀಲ್ಡರ್. ಮೊಬೈಲಲ್ಲಿ ನೋಡ್ತಾ ಕೂತಲ್ಲೇ ಕಿರುಚ್ಕೊಂಡೆ. ಬಾರ್ಸಿಲೋನಾದ ಅಲೆಕ್ಸಿಯಾ ಪುಟೆಲ್ಲಾಸ್ ಕಥೇನೂ ಅಷ್ಟೇ ಆಸರೆ ಆಯ್ತು. 2022ರ ಜುಲೈಯಲ್ಲಿ ಮಹಿಳಾ ಯೂರೋ ಕಪ್ ಶುರು ಆಗೋ ಹಿಂದಿನ ದಿನ ಎಸಿಎಲ್ ಹರೀತು, ಬ್ಯಾಲನ್ ಡಿ'ಓರ್ ಗೆದ್ದಿದ್ದ ಆಟಗಾರ್ತಿ, ಎಲ್ಲಾ ಸೌಕರ್ಯ ಇದ್ದೂ 2023ರ ಏಪ್ರಿಲ್ ಕೊನೇಗೇ ಮತ್ತೆ ಗ್ರೌಂಡಿಗೆ ಬಂದಿದ್ದು, ಅದೇ ವರ್ಷ ವಿಶ್ವಕಪ್ ಗೆದ್ರು. ಅವ್ರಿಗೇ ಸುಮಾರು ಹತ್ತು ತಿಂಗಳು ಬೇಕಾಯ್ತು ಅಂದ್ಮೇಲೆ ನಾನು ಆರು ತಿಂಗಳಿಗೆ ಆಡ್ತೀನಿ ಅನ್ನೋ ಮಾತೇ ಇಲ್ಲ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ.

ಆರನೇ ತಿಂಗಳಲ್ಲಿ ಒಂದು ಟೂರ್ನಮೆಂಟಿನೋರು ಕರೆದ್ರು, ದಿನಕ್ಕೆ ಇಷ್ಟು ಅಂತ ದುಡ್ಡು ಕೊಡ್ತೀವಿ ಅಂದ್ರು. ಫಿಸಿಯೋ ಮೇಡಂ ಒಂದು ಲೆಕ್ಕ ತೋರ್ಸಿದ್ರು, 2016ರಲ್ಲಿ ಬಂದ ಒಂದು ಅಧ್ಯಯನ, ಒಂಬತ್ತು ತಿಂಗಳಾಗೋ ತನಕ ಆಟ ತಡ ಮಾಡಿದ ಪ್ರತಿ ತಿಂಗಳಿಗೂ ಮತ್ತೆ ಮಂಡಿ ಗಾಯ ಆಗೋ ಪ್ರಮಾಣ ಶೇ 51ರಷ್ಟು ಕಮ್ಮಿ ಇತ್ತಂತೆ. ಹೋಗ್ಲಿಲ್ಲ. ಒಂಬತ್ತು ತಿಂಗಳು ತುಂಬಿದ ಮಾತ್ರಕ್ಕೂ ಬಿಡಲ್ಲ, ಟೆಸ್ಟ್ ಇದೆ. ಒಂಟಿಕಾಲಲ್ಲಿ ಒಂದು ಜಿಗಿತ, ಮೂರು ಜಿಗಿತ, ಗೆರೆ ಆಚೆ ಈಚೆ ಅಡ್ಡ ಜಿಗಿತ, ಆರು ಮೀಟರ್ ಕುಂಟೋದಕ್ಕೆ ಟೈಮು, ಆಮೇಲೆ ತೊಡೆ ಬಲ ಮೆಷಿನ್ನಲ್ಲಿ. ಆಪರೇಷನ್ ಆದ ಕಾಲು ಒಳ್ಳೇ ಕಾಲಿನ ಶೇ 90 ಆದ್ರೂ ಇರ್ಬೇಕು. ನಂದು ಜಿಗಿತ ಎಲ್ಲಾ ಬಂತು, ತೊಡೆ ಬಲ ಶೇ 84. ಮತ್ತೆ ವಾಪಸ್ ಜಿಮ್ಮಿಗೆ. ಆಗ ಸಿಟ್ಟು ಬಂತು, ಆದ್ರೆ ಆ ಮೇಲಿನ ವಾರಗಳಲ್ಲೇ ತಿರುಗೋ ಭಯ ಹೋಗಿದ್ದು. ಭಯಕ್ಕೂ ಹನ್ನೆರಡು ಪ್ರಶ್ನೆಗಳ ಒಂದು ಫಾರ್ಮ್ ಇದೆ, ಮಂಡಿ ಬಗ್ಗೆ ಯೋಚನೆ ಮಾಡದೇ ಆಡಬಲ್ಲಿರಾ ಅಂತೆಲ್ಲ ಕೇಳ್ತಾರೆ, ನಿಜ ಬರೀರಿ.

ಇನ್ನೊಂದು ಯಾರೂ ಹೇಳದ ವಿಷ್ಯ, ಮಾತ್ರೆ. ಆಪರೇಷನ್ ಆದ್ಮೇಲೆ ನೋವಿಗೆ ಕೊಡೋ ಕೆಲವು ಮಾತ್ರೆಗಳಲ್ಲಿ ಟ್ರಮಡಾಲ್ ಇರುತ್ತೆ, ಡೋಪಿಂಗ್ ನಿಯಮದಲ್ಲಿ ಅದು 2024ರ ಜನವರಿಯಿಂದ ಸ್ಪರ್ಧೆ ವೇಳೆ ನಿಷೇಧ. ಮಂಡಿಗೆ ಹಾಕೋ ಸ್ಟಿರಾಯ್ಡ್ ಇಂಜೆಕ್ಷನ್ನೂ 2022ರಿಂದ ಸ್ಪರ್ಧೆ ವೇಳೆ ನಿಷೇಧ. ಆಡದೇ ಇರೋ ತಿಂಗಳುಗಳಲ್ಲಿ ತೊಂದ್ರೆ ಇಲ್ಲ, ಆದ್ರೆ ಮ್ಯಾಚಿಗೆ ವಾಪಸ್ ಬರೋವಾಗ ಮನೇಲಿ ಉಳಿದ ಹಳೇ ಸ್ಟ್ರಿಪ್ಪಿಂದ ಒಂದು ನುಂಗೋಣ ಅಂತ ಮಾಡ್ಬೇಡಿ. ಡೋಪಿಂಗ್ ತಡೆಯೋ ಸಂಸ್ಥೆ ನಾಡಾದ್ದು ನೋ ಯುವರ್ ಮೆಡಿಸಿನ್ ಅಂತ ಆ್ಯಪ್ ಇದೆ, ಮಾತ್ರೆ ಹೆಸ್ರು ಹಾಕಿ ನೋಡಿ, ಪ್ರಿಸ್ಕ್ರಿಪ್ಷನ್‌ಗಳನ್ನೆಲ್ಲ ಇಟ್ಕೊಳ್ಳಿ.

ಕಾಂಟ್ರಾಕ್ಟ್ ಅಷ್ಟೊತ್ತಿಗೆ ಮುಗಿದಿತ್ತು, ಬೇರೆ ಕ್ಲಬ್ ಹುಡುಕ್ಬೇಕು. ಗಾಯ ಮುಚ್ಚಿಡು ಅಂದ್ರು ಕೆಲವರು, ನಾನು ಡಿಸ್ಚಾರ್ಜ್ ಸಮ್ಮರಿ, ಟೆಸ್ಟ್ ರಿಪೋರ್ಟ್, ಸರ್ಜನ್ ಕೊಟ್ಟ ಫಿಟ್‌ನೆಸ್ ಪತ್ರ ಎಲ್ಲಾ ಒಂದೇ ಫೈಲಲ್ಲಿ ಹಾಕಿ ಕೊಟ್ಟೆ, ಹೊಸ ಕೋಚ್ ಮೇಡಂಗೆ ಅದೇ ಇಷ್ಟ ಆಯ್ತು. ಸಿಆರ್‌ಎಸ್ ಹೊಸ ರಿಜಿಸ್ಟ್ರೇಷನ್ ಟೈಮಲ್ಲಿ ಜನನ ಪ್ರಮಾಣಪತ್ರದಲ್ಲಿ ಬರೀ ಹೆಸ್ರು, ಆಧಾರಲ್ಲಿ ಹೆಸರಿನ ಮುಂದೆ ಅಪ್ಪನ ಹೆಸ್ರು ಪೂರ್ತಿ, ಹೊಂದಲ್ಲ ಅಂತ ವಾಪಸ್ ಬಂತು. ಆಧಾರ್ ಸೆಂಟರ್‌ಗೆ ಹೋಗಿ ಸರಿ ಮಾಡ್ಸಿ ಮತ್ತೆ ಹಾಕ್ಸೋದ್ರಲ್ಲಿ ಎರಡು ಮ್ಯಾಚ್ ಹೋಯ್ತು. ಫಿಸಿಯೋ ಮಾಡ್ತಾ ಮನೇಲೇ ಇರೋ ತಿಂಗಳಲ್ಲಿ ಈ ಕೆಲ್ಸ ಮುಗಿಸ್ಕೊಂಡ್ಬಿಡಿ.

ಹೊಸ ಕ್ಲಬ್ಬಲ್ಲಿ ಮೊದ್ಲು ತಾಗೋ ಹಾಗಿಲ್ಲದ ಪ್ರಾಕ್ಟೀಸು, ಆಮೇಲೆ ಪೂರ್ತಿ ಪ್ರಾಕ್ಟೀಸು, ಆಮೇಲೆ ಹದಿನೈದು ನಿಮಿಷ, ಹೋದ ವಾರ ಲೀಗ್ ಮ್ಯಾಚಲ್ಲಿ ಕೊನೇ ಅರ್ಧ ಗಂಟೆ. ಮೊದಲ್ನೇ ಪಾಸ್ ಹಿಂದಿಂದ ಬಂತು, ಹಿಂದೆ ನೋಡಿ ಎಡಕ್ಕೇ ತಿರುಗಿದೆ. ಬಾಲ್ ಸಿಕ್ತು, ಬಲಗಡೆ ವಿಂಗಿಗೆ ಕೊಟ್ಟೆ, ಥ್ರೋ ಇನ್ ಆಯ್ತು. ಈಗ ವಾರಕ್ಕೆ ಎರಡು ಮೂರು ದಿನ ಇಡೀ ಟೀಮು ಫಿಫಾ 11+ ವಾರ್ಮ್‌ಅಪ್ ಮಾಡ್ತೀವಿ, 15 ವ್ಯಾಯಾಮ, 20 ನಿಮಿಷ, ಬಾಲು, ಕೋನ್ ಬಿಟ್ರೆ ಬೇರೆ ಸಾಮಾನು ಬೇಡ, ಸರಿಯಾಗಿ ಬಿಡದೇ ಮಾಡಿದ ಟೀಮುಗಳಲ್ಲಿ ಗಾಯ ಮೂರರಲ್ಲಿ ಒಂದು ಭಾಗದಷ್ಟಾದ್ರೂ ಕಮ್ಮಿ ಆಗಿದೆ. ಶಾಲೆ ಕಾಲೇಜು ಟೀಮ್ ನೋಡ್ಕೊಳ್ಳೋ ಪಿಟಿ ಸರ್, ಮೇಡಂಗಳು ಯಾರಾದ್ರೂ ಓದ್ತಿದ್ರೆ ನಾಳೆಯಿಂದ್ಲೇ ಹುಡುಗೀರಿಗೆ ಮಾಡ್ಸಿ, ದಯವಿಟ್ಟು.

ನನ್ನ ಹತ್ರ ಊರುಗೋಲು ಒಂದು ಜೊತೆ, ಕಮೋಡ್ ಚೇರು, ಕೀಲಿರೋ ಉದ್ದ ಮಂಡಿ ಬ್ರೇಸ್ ಒಂದು ಇದೆ, ಬ್ರೇಸ್ ಮೀಡಿಯಂ ಸೈಜು, ನಾಲ್ಕೂವರೆ ಸಾವಿರದ್ದು, ಕಾಲು ಬದಲಾಯಿಸಿ ಹಾಕ್ಕೋಬಹುದು. ಕೋಲಾರ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಕಡೆ ಯಾವ ಹುಡುಗಿಗಾದ್ರೂ ಬೇಕಿದ್ರೆ ಕೇಳಿ, ದುಡ್ಡು ಬೇಡ, ನಿಮ್ಮ ಕೆಲ್ಸ ಆದ್ಮೇಲೆ ಇನ್ನೊಬ್ಬರಿಗೆ ಕೊಡಿ.